ಬರ್ಕನ್‌ಹೆಡ್ ಯಾರ್ಡ್‌ನಲ್ಲಿ ರಿಪೇರಿಗೆ ನಿಂತ ನೌಕಾ ಟ್ಯಾಂಕರ್: ಎಲ್ಲಿಂದ, ಯಾವ ಲೆನ್ಸಲ್ಲಿ?

ಕಾರಂಜಿ_ಕ್ಲಿಕ್, ಮೈಸೂರು:
ಮುಂದಿನ ತಿಂಗಳು ಲಿವರ್‌ಪೂಲ್‌ನಲ್ಲಿ ನಾಲ್ಕು ದಿನ. ಮರ್ಸಿ ನದಿಯಾಚೆ ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಹಡಗು ಯಾರ್ಡ್‌ನಲ್ಲಿ ರಾಯಲ್ ಫ್ಲೀಟ್ ಆಕ್ಸಿಲರಿಯ (ಬ್ರಿಟಿಷ್ ನೌಕಾಪಡೆಗೆ ಇಂಧನ, ಸಾಮಾನು ಒದಗಿಸೋ ಪಡೆ) ಟೈಡ್ ದರ್ಜೆ ಟ್ಯಾಂಕರ್ ಡ್ರೈಡಾಕ್‌ನಲ್ಲಿ (ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡೋ ಕಟ್ಟೆ) ಸಿಕ್ಕರೆ ಫೋಟೋ ತೆಗೀಬೇಕು. ಇರೋದು ರಂಗನತಿಟ್ಟಿಗೆ ಹಕ್ಕಿ ತೆಗೆಯೋಕೆ ಒಯ್ಯೋ 150-600 ಎಂಎಂ ಲೆನ್ಸ್, ಕ್ಯಾಮೆರಾ ಬಾಡಿ ನಿಕಾನ್ ಡಿ7500. ಈಚೆ ದಡದಿಂದ ಸಾಕಾ? ಬೆಳಕು ಯಾವಾಗ ಚೆನ್ನ? ಪೊಲೀಸ್ ತಕರಾರು ಇದೆಯಾ?

ಮಂಡ್ಯ_ಟೆಲಿ:
ದಡದಿಂದ ದಡಕ್ಕೆ ಸುಮಾರು 1 ಕಿ.ಮೀ. ಹಡಗಿನ ಉದ್ದ 200.9 ಮೀಟರ್. ನಿಮ್ಮ ಕ್ಯಾಮೆರಾದ ಕ್ರಾಪ್ (ಚಿಕ್ಕ) ಸೆನ್ಸರ್‌ನಲ್ಲಿ 150 ಎಂಎಂಗೆ ಅಷ್ಟು ದೂರದಲ್ಲಿ ಸಿಗೋದು 157 ಮೀಟರ್ ಅಗಲ. ಅಂದ್ರೆ ಹಡಗು ಪಕ್ಕ ಕೊಟ್ಟು ನಿಂತಿದ್ರೆ ಒಂದು ತುದಿ ಕತ್ತರಿಸಿ ಹೋಗುತ್ತೆ! 100 ಎಂಎಂ ಬೇಕು. 18-140 ಎಂಎಂ ಲೆನ್ಸೂ ಜೊತೆಗಿರಲಿ.

ಲಿವರ್‌ಪೂಲ್ ಪೂರ್ವ ದಡ, ನೀವು ನೋಡೋದು ಪಶ್ಚಿಮಕ್ಕೆ. ಹಾಗಾಗಿ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಆಮೇಲೆ ಬಿಸಿಲೇರಿದ್ರೆ ಕೆಆರ್‌ಎಸ್ ಹಿನ್ನೀರಲ್ಲಿ ಮಧ್ಯಾಹ್ನ ಆಗೋ ಹಾಗೆ ಗಾಳಿ ನಡುಗಿ ಮಾಸ್ಟ್‌ನ ಅಂಚೆಲ್ಲ ಅಲೆಯಲೆಯಾಗುತ್ತೆ. ಅದು ಫೋಕಸ್ ತಪ್ಪಲ್ಲ, ಲೆನ್ಸ್ ಬದಲಿಸಿ ಪ್ರಯೋಜನವಿಲ್ಲ. ಎಫ್/8, 1/1000, ಒಂದೇ ಫ್ರೇಮನ್ನ ಹತ್ತು ಸಲ ಹೊಡೆದು ಗಟ್ಟಿಯಾದದ್ದು ಆರಿಸಿ. ಟ್ರೈಪಾಡ್ ಬದಲು ಖಾಲಿ ಬೀನ್‌ಬ್ಯಾಗ್ ಒಯ್ದು, ಅಲ್ಲೇ ಒಂದು ಕೆಜಿ ಅಕ್ಕಿ ತುಂಬಿಸಿಕೊಳ್ಳಿ.

ಡೆಕ್_ಡೀಟೇಲ್:
ಲೆಕ್ಕ ಸರಿ, ಆದ್ರೆ ಅದು ಪಕ್ಕ ಕಾಣೋವಾಗ. ಅಲ್ಲಿನ ಡ್ರೈಡಾಕ್‌ಗಳ ಬಾಯಿ ನದಿ ಕಡೆಗಿದೆ, ಹಾಗಾಗಿ ಒಳಗೆ ನಿಂತ ಹಡಗಿನ ಮೂತಿಯೋ ಹಿಂಭಾಗವೋ ಮಾತ್ರ ಕಾಣೋದು. ಅಗಲ 28.6 ಮೀಟರ್, 600 ಎಂಎಂನ ಫ್ರೇಮ್ 39 ಮೀಟರ್: ಹಕ್ಕಿ ಲೆನ್ಸ್ ಆಗ ಸಾರ್ಥಕ. ಪ್ರೊಪೆಲರ್, ಚುಕ್ಕಾಣಿ ಆಸೆ ಬಿಡಿ, ಡಾಕ್ ಗೇಟು ಅಡ್ಡ.

ಡೆಕ್ ಬೇಕಂದ್ರೆ ರೈಲಲ್ಲಿ ಹ್ಯಾಮಿಲ್ಟನ್ ಸ್ಕ್ವೇರ್‌ಗೆ ಹೋಗಿ ಬರ್ಕನ್‌ಹೆಡ್ ಪ್ರಯರಿವರೆಗೆ (ಹಳೇ ಕ್ರೈಸ್ತ ಮಠ) ನಡೀರಿ. ಅಲ್ಲಿನ ಸೇಂಟ್ ಮೇರಿ ಗೋಪುರ ಯಾರ್ಡ್‌ಗೆ ಅಂಟಿಕೊಂಡೇ ಇದೆ, 101 ಮೆಟ್ಟಿಲು. 1939ರಲ್ಲಿ ಮುಳುಗಿ 99 ಜನರ ಜೀವ ತೆಗೆದ ಥೀಟಿಸ್ ಸಬ್‌ಮೆರೀನ್‌ನ ಸ್ಮಾರಕವೂ ಅದೇ; ಆ ಸಬ್‌ಮೆರೀನ್ ಕಟ್ಟಿದ್ದು ಇದೇ ಯಾರ್ಡ್. ಮೇಲಿಂದ ಇಂಧನ ದಾಟಿಸೋ ಮಾಸ್ಟ್‌ಗಳು, ಹೆಲಿಕಾಪ್ಟರ್ ಡೆಕ್ 18-140ರಲ್ಲೇ ಸಿಗುತ್ತೆ. ರಿಪೇರಿ ಅಟ್ಟಣೆಗೆ ಬಿಳಿ ಹೊದಿಕೆ ಹಾಕಿದ್ರೆ ಬೂದು ಹಡಗಿಗೆ ಮೀಟರ್ ಮಾಡಿದಾಗ (ಬೆಳಕು ಅಳೆದಾಗ) ಬಿಳಿ ಸುಟ್ಟುಹೋಗುತ್ತೆ, ಎಕ್ಸ್‌ಪೋಶರ್ -0.7 ಇಡಿ.

ಕಾರಂಜಿ_ಕ್ಲಿಕ್:
ಫೆರಿಯಿಂದ?

ಮಂಡ್ಯ_ಟೆಲಿ:
ಆಗುತ್ತೆ, ಕಂಬಿಗೆ ಮಾತ್ರ ಒರಗಬೇಡಿ. ಎಂಜಿನ್ ನಡುಕ ನೇರ ಕೈಗೆ ಬರುತ್ತೆ.

ಡೆಕ್_ಡೀಟೇಲ್:
ತಕರಾರಿನ ಬಗ್ಗೆ: ಬ್ರಿಟನ್‌ನಲ್ಲಿ ಸಾರ್ವಜನಿಕ ಜಾಗದಿಂದ ತೆಗೆಯೋಕೆ ಸಾಮಾನ್ಯವಾಗಿ ಅನುಮತಿ ಬೇಡ. ಭದ್ರತೆಯವರು ಕೇಳಿದ್ರೆ ಸಮಾಧಾನವಾಗಿ ಹೇಳಿ, ಡ್ರೋನ್ ಬೇಡವೇ ಬೇಡ. ಅದೇ ಧೈರ್ಯದಲ್ಲಿ ಬಂದು ಕಾರವಾರದ ನೌಕಾನೆಲೆ ಕಡೆ ಲೆನ್ಸ್ ತಿರುಗಿಸೀರಿ ಮತ್ತೆ! ನಮ್ಮಲ್ಲಿ 1923ರ ಅಧಿಕೃತ ರಹಸ್ಯ ಕಾಯ್ದೆ ಇದೆ, ನೌಕಾನೆಲೆ ಅದರಲ್ಲಿ ನಿಷೇಧಿತ ಸ್ಥಳ.