ಕಾಲ್ ಸೆಂಟರ್ ಕರೆಗಳಲ್ಲಿ ಧ್ವನಿ ಕಡಿಯುವುದೇಕೆ? ಸಾಫ್ಟ್‌ವೇರ್‌ನವರಿಂದ ಏನನ್ನು ಕೇಳಿ ಪಡೆಯಬೇಕು?

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ಕೃಷಿ ಪಂಪ್‌ಸೆಟ್‌ಗಳ ದುರಸ್ತಿ ಸೇವೆಗಾಗಿ ಹುಬ್ಬಳ್ಳಿಯಲ್ಲಿ 24 ಸೀಟುಗಳ ಒಂದು ಕಾಲ್ ಸೆಂಟರ್ ನಡೆಸುತ್ತಿದ್ದೇನೆ. ಕರೆಗಳೆಲ್ಲ ಇಂಟರ್‌ನೆಟ್ ಮೂಲಕವೇ ಬರುತ್ತವೆ. 100 ಎಂಬಿಪಿಎಸ್ ಫೈಬರ್ ಲೈನ್ ಇದೆ. ಎರಡು ತಿಂಗಳ ಹಿಂದೆ ರೂಟರ್ ಬದಲಾಯಿಸಿದಂದಿನಿಂದ ಒಳಬರುವ ಕೆಲವು ಕರೆಗಳು ಅರ್ಧ ನಿಮಿಷವಾಗುತ್ತಿದ್ದಂತೆ ಕಡಿದುಹೋಗುತ್ತಿವೆ. ಇದಲ್ಲದೆ ಸಂಜೆ ನಾಲ್ಕರ ನಂತರ, ಅಂದರೆ ಆ ದಿನದ ರೆಕಾರ್ಡಿಂಗ್‌ಗಳನ್ನು ಬೆಂಗಳೂರಿನ ಕಚೇರಿಗೆ ಕಳುಹಿಸುವ ಹೊತ್ತಿನಲ್ಲಿ, ಧ್ವನಿ ತುಂಡುತುಂಡಾಗುತ್ತದೆ. ರೈತರು ‘ಏನೂ ಕೇಳ್ಸವಲ್ದ್ರಿ’ ಎಂದು ಫೋನ್ ಇಟ್ಟುಬಿಡುತ್ತಾರೆ. ಸಾಫ್ಟ್‌ವೇರ್ ವರದಿಯಲ್ಲಿ ಮಾತ್ರ ಈ ಕರೆಗಳೆಲ್ಲವೂ ‘ಯಶಸ್ವಿ’. 300 ಎಂಬಿಪಿಎಸ್ ಲೈನ್ ತೆಗೆದುಕೊಳ್ಳಿ ಎಂದು ಸಾಫ್ಟ್‌ವೇರ್ ಕೊಟ್ಟವರು ಹೇಳುತ್ತಾರೆ. ಹಾಗೆ ಮಾಡಬೇಕೆ, ಅಥವಾ ಸಾಫ್ಟ್‌ವೇರನ್ನೇ ಬದಲಿಸಬೇಕೆ?

ಉತ್ತರ: ನಮಸ್ಕಾರ ಸರ್. ಸದ್ಯಕ್ಕೆ ಎರಡೂ ಬೇಡ. ನೀವು ಹೇಳಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದೋಷಗಳನ್ನು.

ಅರ್ಧ ನಿಮಿಷಕ್ಕೆ ಕಡಿಯುವ ಕರೆ ನಮ್ಮ ವೃತ್ತಿಯವರಿಗೆ ಚಿರಪರಿಚಿತ. ಕೈಗಡಿಯಾರ ಹಿಡಿದು ನೋಡಿದರೆ ಅದು ಬಹುಶಃ 32 ಸೆಕೆಂಡಿಗೆ ಕಡಿಯುತ್ತಿರಬೇಕು. ನೀವು ಕರೆಯನ್ನು ಎತ್ತಿದಾಗ ನಿಮ್ಮ ಸರ್ವರ್ ‘ಎತ್ತಿದೆ’ ಎಂಬ ಸಂದೇಶವನ್ನು ಲೈನ್ ಕೊಟ್ಟ ಕಂಪನಿಗೆ ಕಳುಹಿಸುತ್ತದೆ, ಅವರು ‘ತಿಳಿಯಿತು’ ಎಂದು ಮರುಸಂದೇಶ ಕಳುಹಿಸಬೇಕು. ನಿಮ್ಮ ಸಂದೇಶದೊಳಗಿನ ವಿಳಾಸವು ಕಚೇರಿಯ ಒಳಗೆ ಮಾತ್ರ ಚಲಾವಣೆಯಲ್ಲಿರುವ 192.168ರ ವಿಳಾಸವಾಗಿದ್ದರೆ, ಅಥವಾ ರೂಟರ್ ಅದನ್ನು ನಡುದಾರಿಯಲ್ಲಿ ತಪ್ಪಾಗಿ ತಿದ್ದಿದರೆ, ಆ ಮರುಸಂದೇಶ ನಿಮ್ಮನ್ನು ತಲುಪುವುದೇ ಇಲ್ಲ. ಇಂಟರ್‌ನೆಟ್ ಕರೆಗಳನ್ನು ಕೂಡಿಸುವ, ಮುಗಿಸುವ ಸಂದೇಶಗಳಿಗಾಗಿ 2002ರಲ್ಲಿ ಪ್ರಕಟವಾದ ‘ಸಿಪ್’ ನಿಯಮಾವಳಿಯ ಪ್ರಕಾರ ಸರ್ವರ್ ಅರ್ಧ ಸೆಕೆಂಡಿನ 64 ಪಟ್ಟು, ಎಂದರೆ 32 ಸೆಕೆಂಡು, ಕಾದು ನೋಡಿ ಕರೆಯನ್ನು ಕೈಬಿಡುತ್ತದೆ. ಹೊಸ ರೂಟರ್‌ನಲ್ಲಿ ಇಂಥ ಸಂದೇಶಗಳೊಳಗಿನ ವಿಳಾಸವನ್ನು ತಿದ್ದುವ ‘ಸಿಪ್ ಎಎಲ್‌ಜಿ’ ಎಂಬ ಆಯ್ಕೆ ತಾನಾಗಿಯೇ ಚಾಲೂ ಆಗಿರುವ ಸಾಧ್ಯತೆ ಹೆಚ್ಚು. ಉಪಕಾರ ಮಾಡಲೆಂದೇ ಹುಟ್ಟಿದ ಆಯ್ಕೆ ಅದು. ನನ್ನ ಅನುಭವದಲ್ಲಿ ಅದರಿಂದ ಆದದ್ದು ಬಹುಪಾಲು ಅಪಕಾರವೇ. ಅದನ್ನು ಬಂದ್ ಮಾಡಿ, ಸರ್ವರ್‌ನಲ್ಲಿ ನಿಮ್ಮ ಹೊರಗಿನ ಐಪಿ ವಿಳಾಸವನ್ನು ಸರಿಯಾಗಿ ನಮೂದಿಸಿ.

ಸಂಜೆಯ ತೊಂದರೆಗೆ ಕಾರಣವನ್ನು ನೀವೇ ಬರೆದಿದ್ದೀರಿ. ಧ್ವನಿಯನ್ನು ಅಂಕಿಗಳಾಗಿಸುವ ಜಿ.711 ಎಂಬ ಕೋಡೆಕ್‌ನಲ್ಲಿ ಒಂದು ಕರೆಗೆ ಹೋಗುವ ದಾರಿಯಲ್ಲಿಯೂ ಬರುವ ದಾರಿಯಲ್ಲಿಯೂ ಸುಮಾರು 87 ಕೆಬಿಪಿಎಸ್ ಬೇಕು; 24 ಜನ ಒಟ್ಟಿಗೆ ಮಾತನಾಡಿದರೂ 2.1 ಎಂಬಿಪಿಎಸ್ ಸಾಕು. ಲೈನ್ ಸಾಲದೆಂಬ ಮಾತಿಗೆ ಆಧಾರವಿಲ್ಲ. ಆದರೆ ದೊಡ್ಡ ಕಡತವನ್ನು ಕಳುಹಿಸುವ ತಂತ್ರಾಂಶಕ್ಕೆ ಎಷ್ಟು ಅಗಲದ ದಾರಿ ಕೊಟ್ಟರೂ ಅದು ಪೂರ್ತಿಯಾಗಿ ತುಂಬಿಕೊಳ್ಳುತ್ತದೆ, ಮತ್ತು 20 ಮಿಲಿಸೆಕೆಂಡಿಗೊಂದರಂತೆ ಹೊರಡುವ ಧ್ವನಿಯ ಸಣ್ಣ ಪೊಟ್ಟಣಗಳು (ಪ್ಯಾಕೆಟ್‌ಗಳು) ರೂಟರ್‌ನ ಸರತಿಯಲ್ಲಿ ಅದರ ಹಿಂದೆ ನಿಂತು ಕಾಯಬೇಕಾಗುತ್ತದೆ. ತಡವಾಗಿ ಬಂದ ಇಮೇಲ್ ಕೂಡ ಇಮೇಲೇ. ತಡವಾಗಿ ಬಂದ ಧ್ವನಿಯನ್ನು ಮಾತ್ರ ಎಸೆಯಬೇಕಾಗುತ್ತದೆ. ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆಗೆ ಬಹುಮಟ್ಟಿಗೆ ತೊಂದರೆಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು ಹೇಳುತ್ತದೆ. ತುಂಬಿದ ರೂಟರ್ ಒಂದೇ ಅದನ್ನು ಮೀರಿಸಬಲ್ಲದು. 300 ಎಂಬಿಪಿಎಸ್ ಕೊಂಡರೆ ಕಾಟ ಬೇಗ ಮುಗಿಯುತ್ತದೆ, ನಿಲ್ಲುವುದಿಲ್ಲ. ರೆಕಾರ್ಡಿಂಗ್‌ಗಳನ್ನು ರಾತ್ರಿ ಕಳುಹಿಸಿ. ರೂಟರ್‌ನಲ್ಲಿ ಧ್ವನಿಗೆ ಆದ್ಯತೆ ಕೊಟ್ಟು, ಅಪ್‌ಲೋಡ್ ಮಿತಿಯನ್ನು ಲೈನಿನ ವೇಗಕ್ಕಿಂತ ಸ್ವಲ್ಪ ಕಡಿಮೆಗೆ ಕಟ್ಟಿರಿ.

ಇನ್ನು ಸಾಫ್ಟ್‌ವೇರ್ ವಿಷಯ. ನನ್ನ ನಿಜವಾದ ದೂರು ಇರುವುದು ಇಲ್ಲಿ. ಕರೆ ಕೂಡಿತು ಎಂಬುದೂ ಮಾತು ಕೇಳಿಸಿತು ಎಂಬುದೂ ಬೇರೆ ಬೇರೆ ಸಂಗತಿಗಳು. ನಾನು ನೋಡಿದ ಹೆಚ್ಚಿನ ಕಾಲ್ ಸೆಂಟರ್ ಸಾಫ್ಟ್‌ವೇರ್‌ಗಳ ವರದಿಯಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗವಿದೆ. ಪ್ರತಿ ಕರೆಯ ಎದುರಿಗೆ ಎಷ್ಟು ಪೊಟ್ಟಣಗಳು ಕಳೆದುಹೋದವು, ವಿಳಂಬ ಎಷ್ಟು ಏರಿಳಿಯಿತು, ಯಾವ ದಿಕ್ಕಿನಲ್ಲಿ ಹಾಗಾಯಿತು ಎಂಬ ಅಂಕಿಗಳನ್ನು ಬರೆದಿಡಬೇಕೆಂದು ಕೇಳಿ. ಆ ಒಂದು ದಾಖಲೆ ಇದ್ದರೆ, ತಪ್ಪು ಹೆಡ್‌ಸೆಟ್‌ನದೋ, ಕಚೇರಿಯ ವೈಫೈಯದೋ, ಹೊರಗಿನ ಲೈನಿನದೋ ಎಂಬ ವಾದದಲ್ಲಿ ದಿನಗಳನ್ನು ಕಳೆಯಬೇಕಾಗಿಲ್ಲ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದನ್ನು ಪಟ್ಟುಹಿಡಿದು ಕೇಳಿ. ಏಜೆಂಟರ ಸಾಫ್ಟ್‌ಫೋನ್‌ನ (ಕಂಪ್ಯೂಟರ್‌ನಲ್ಲಿಯೇ ನಡೆಯುವ ಫೋನ್‌ನ) ಸಂಪರ್ಕ ತಪ್ಪಿದರೂ ಪರದೆಯಲ್ಲಿ ಅವರು ‘ಲಭ್ಯ’ ಎಂದೇ ಕಾಣಿಸಿದರೆ, ಕ್ಯೂನಲ್ಲಿರುವ ಕರೆಗಳು ಆ ಸತ್ತ ಫೋನಿಗೆ ಹೋಗುತ್ತಲೇ ಇರುತ್ತವೆ. ದಿನದ ಕೊನೆಗೆ ‘ಕರೆ ತೆಗೆಯಲಿಲ್ಲ’ ಎಂಬ ಕಳಂಕ ಏಜೆಂಟರ ಲೆಕ್ಕಕ್ಕೆ ಬೀಳುತ್ತದೆ; ನಾನು ಕೆಲಸ ಮಾಡಿದ ಒಂದು ಕಡೆ ಇದೇ ಕಾರಣಕ್ಕೆ ಹುಡುಗಿಯೊಬ್ಬಳ ಇನ್ಸೆಂಟಿವ್ ಹಿಡಿದಿದ್ದರು. ಸಂಪರ್ಕ ತಪ್ಪಿದ ಕೆಲವೇ ಸೆಕೆಂಡುಗಳಲ್ಲಿ ಆ ಫೋನನ್ನು ಸರತಿಯಿಂದ ಹೊರಗಿಡುವುದು, ಮತ್ತು ಮಧ್ಯೆ ಕಡಿದ ಕರೆಯ ಗ್ರಾಹಕರನ್ನು ಅದೇ ಏಜೆಂಟರ ಮರುಕರೆ ಪಟ್ಟಿಯ ಮೇಲ್ತುದಿಗೆ ಸೇರಿಸುವುದು ಸಾಫ್ಟ್‌ವೇರ್‌ನ ಕರ್ತವ್ಯ. ಬಣ್ಣದ ಡ್ಯಾಶ್‌ಬೋರ್ಡ್ ಆಮೇಲೆ ಬರಲಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನಾವು ಎರಡು ಕಂಪನಿಗಳಿಂದ ಲೈನ್ ಪಡೆದಿದ್ದೇವೆ. ಆದರೂ ಒಂದು ಹೋದಾಗ ನಡೆಯುತ್ತಿರುವ ಕರೆಗಳೆಲ್ಲ ಕಡಿಯುತ್ತವೆ. ಹಣ ವ್ಯರ್ಥವಾಯಿತೆ?

ಉತ್ತರ: ವ್ಯರ್ಥವಲ್ಲ. ಲೈನ್ ಬದಲಾದಾಗ ನಿಮ್ಮ ಹೊರಗಿನ ಐಪಿ ವಿಳಾಸವೂ ಬದಲಾಗುವುದರಿಂದ ನಡೆಯುತ್ತಿರುವ ಕರೆಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಎರಡನೆಯ ಲೈನ್ ಇರುವುದು ಮುಂದಿನ ಕರೆಗಳಿಗಾಗಿ. ಬ್ರೌಸರ್‌ನಲ್ಲಿ ನಡೆಯುವ ವೆಬ್‌ಆರ್‌ಟಿಸಿ ಫೋನ್‌ಗಳು ಕರೆಯ ನಡುವೆಯೇ ದಾರಿ ಬದಲಿಸಬಲ್ಲವು, ಆದರೆ ತಯಾರಕರು ಆ ಅನುಕೂಲವನ್ನು ಅಳವಡಿಸಿದ್ದರೆ ಮಾತ್ರ. ಎರಡೂ ಕೇಬಲ್‌ಗಳು ಒಂದೇ ಕಂಬದ ಮೇಲಿಂದ ಬಂದಿವೆಯೇ ಎಂದು ಹೊರಗೆ ಹೋಗಿ ಒಮ್ಮೆ ನೋಡಿ. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಗೆ ಯುಪಿಎಸ್ ಕೊಟ್ಟಿದ್ದೀರಾ? ಕಂಪ್ಯೂಟರ್‌ಗಳಿಗೆಲ್ಲ ಕೊಟ್ಟು ಅದನ್ನು ಮರೆತ ಕಚೇರಿಗಳು ಕಡಿಮೆಯಲ್ಲ.

ಮೊದಲು ಕೇಳಿದವರು: ಮೇಡಂ, ಎಎಲ್‌ಜಿ ಬಂದ್ ಮಾಡಿ, ವಿಳಾಸ ಸರಿಪಡಿಸಿದ ಮೇಲೆ ಕರೆಗಳು ಅರ್ಧ ನಿಮಿಷಕ್ಕೆ ಕಡಿಯುವುದು ನಿಂತಿದೆ. ರೆಕಾರ್ಡಿಂಗ್ ಕಳುಹಿಸುವುದನ್ನು ರಾತ್ರಿ ಹನ್ನೊಂದಕ್ಕೆ ಇಟ್ಟಿದ್ದೇವೆ, ಸಂಜೆಯೂ ಧ್ವನಿ ಸ್ಪಷ್ಟವಾಗಿದೆ. ಆದರೆ ಪ್ರತಿ ಕರೆಯ ಗುಣಮಟ್ಟದ ದಾಖಲೆ ಬೇಕಾದರೆ ಬೇರೆ ಮಾಡ್ಯೂಲ್ ಕೊಳ್ಳಬೇಕೆಂದು ಸಾಫ್ಟ್‌ವೇರ್‌ನವರು ಹೇಳುತ್ತಿದ್ದಾರೆ. ಒಳಗಿರುವುದು ಆಸ್ಟರಿಸ್ಕ್ ಎಂಬ, ಕರೆಗಳನ್ನು ನಿರ್ವಹಿಸುವ ಮುಕ್ತ ತಂತ್ರಾಂಶ ಎಂದೂ ಹೇಳಿದರು.

ಉತ್ತರ: ಆಸ್ಟರಿಸ್ಕ್ ಆಗಿದ್ದರೆ ಆ ಅಂಕಿಗಳು ಅದರಲ್ಲಿ ಈಗಾಗಲೇ ಇವೆ. ಕರೆ ಮುಗಿಯುವ ಕ್ಷಣದಲ್ಲಿ ಅವನ್ನು ಓದಿ ಕರೆಯ ದಾಖಲೆಗೆ ಸೇರಿಸಲು ಕರೆಗಳು ಹೇಗೆ ಸಾಗಬೇಕೆಂದು ಬರೆದಿಡುವ ಡಯಲ್‌ಪ್ಲಾನ್‌ನಲ್ಲಿ ಕೆಲವೇ ಸಾಲುಗಳು ಸಾಕು. ಮಾಡ್ಯೂಲ್‌ಗೆ ಹಣ ಕೊಡುವ ಮೊದಲು ಅವರ ತಾಂತ್ರಿಕ ಸಿಬ್ಬಂದಿಯನ್ನು ಇದೇ ಮಾತಿನಲ್ಲಿ ಕೇಳಿ, ಅವರು ಏನು ಹೇಳಿದರೆಂದು ಇಲ್ಲಿಯೇ ಬರೆಯಿರಿ.