ಮಿಸ್ ಪ್ಯಾಕ್‌ಮ್ಯಾನ್ ಕ್ಯಾಬಿನೆಟ್: ಸ್ಕೋರ್ ಅರ್ಧ ಕಟ್, ಜೊತೆಗೆ ಓರೆ ಗೆರೆ

ಗ್ಯಾರೇಜ್_ಗೇಮರ್:
ಹೋದ ತಿಂಗಳು ಇಲ್ಲಿ ನ್ಯೂಜೆರ್ಸಿಯಲ್ಲಿ 1982ರ ಮಿಸ್ ಪ್ಯಾಕ್‌ಮ್ಯಾನ್ ಕ್ಯಾಬಿನೆಟ್ ತಂದೆ, ಅದೇ ನಿಂತು ಆಡೋ ಹಳೇ ಆರ್ಕೇಡ್ ವಿಡಿಯೋ ಗೇಮ್ ಪೆಟ್ಟಿಗೆ. ಮಾನಿಟರ್ 19 ಇಂಚಿನ ಎಲೆಕ್ಟ್ರೋಹೋಮ್ ಜಿ07, ಹಳೇ ಟಿವಿ ಥರ ಪಿಕ್ಚರ್ ಟ್ಯೂಬಿಂದು. ಆಟ ಚೆನ್ನಾಗಿ ಓಡುತ್ತೆ, ಆದ್ರೆ ಮೇಲಿನ ಸ್ಕೋರ್ ಸಾಲು ಅರ್ಧ ಕಟ್ ಆಗಿದೆ. ಸರಿ ಅಂತ ವರ್ಟಿಕಲ್ ಸೈಜ್ (ಚಿತ್ರದ ಎತ್ತರ) ನಾಬ್ ತಿರುಗಿಸಿದ್ರೆ ಚಿತ್ರ ಎಡಬಲದಲ್ಲಿ ಕುಗ್ಗುತ್ತೆ, ಮೇಲೆ ಕೆಳಗೆ ಏನೂ ಆಗಲ್ಲ! ಮಂಕಾಗಿದೆ ಅಂತ ಸ್ಕ್ರೀನ್ ಅನ್ನೋ ನಾಬ್ ಬೇರೆ ಏರಿಸಿದೆ, ಈಗ ಕಪ್ಪು ಇರಬೇಕಾದ ಜಾಗವೆಲ್ಲ ಬೂದಿ ಬಣ್ಣ, ಮೇಲೆ ತೆಳ್ಳಗೆ ಓರೆ ಗೆರೆಗಳು. ಟ್ಯೂಬೇ ಹೋಯ್ತಾ?

ಪಿಕ್ಸೆಲ್_ಪುಟ್ಟ:
ಟ್ಯೂಬ್ ಹೋಗಿಲ್ಲ. ಆ ಕ್ಯಾಬಿನೆಟ್‌ನಲ್ಲಿ ಮಾನಿಟರನ್ನು ಕಾಲು ಸುತ್ತು ತಿರುಗಿಸಿ, ಪಕ್ಕಕ್ಕೆ ಮಲಗಿಸಿದ ಹಾಗೆ ಕೂರಿಸಿರುತ್ತಾರೆ, ಅದಕ್ಕೇ ನಿಮಗೆ ಗೊಂದಲ. ಚಾಸಿಸ್‌ಗೆ (ಮಾನಿಟರಿನ ಸರ್ಕ್ಯೂಟ್ ಬೋರ್ಡಿಗೆ) ಯಾವುದು ಹಾರಿಜಾಂಟಲ್ಲೋ ಅದು ನಿಮಗೆ ಮೇಲೆ ಕೆಳಗೆ. ವರ್ಟಿಕಲ್ ಸೈಜನ್ನು ಮೊದಲಿದ್ದ ಜಾಗಕ್ಕೇ ತನ್ನಿ. ಕೆಳಗೆ ಖಾಲಿ ಜಾಗ ಉಳಿದಿದ್ರೆ ಹಾರಿಜಾಂಟಲ್ ಪೊಸಿಷನ್ ನಾಬ್ ತಿರುಗಿಸಿ ಚಿತ್ರ ಸರಿಸಿದ್ರೆ ಸಾಕು. ಮೇಲೆ ಕೆಳಗೆ ಎರಡೂ ಕಡೆ ಕಟ್ ಆಗಿದ್ರೆ ಮಾತ್ರ ಆ ದಿಕ್ಕಿನ ಅಳತೆ ಬದಲಿಸೋ ವಿಡ್ತ್ ಕಾಯಿಲ್ ಮುಟ್ಟಿ, ಅದೂ ಪ್ಲಾಸ್ಟಿಕ್ ಆರುಮೂಲೆ ಕಡ್ಡಿಯಿಂದ. ನಾನು ಕಬ್ಬಿಣದ ಅಲೆನ್ ಕೀ ಹಾಕಿ ಕಾಯಿಲ್ ಒಳಗೆ ತಿರುಗೋ ಫೆರೈಟ್ ತಿರುಳು ಒಡೆದುಕೊಂಡಿದ್ದೀನಿ, ಆಮೇಲೆ ಅದು ಆ ಕಡೆಗೂ ತಿರುಗಲ್ಲ, ಈ ಕಡೆಗೂ ಇಲ್ಲ.

ಹಳೇ_ಟಿವಿ_ಮೆಕ್ಯಾನಿಕ್:
ದಾವಣಗೆರೆಯಲ್ಲಿ ಹದಿನೆಂಟು ವರ್ಷ ಟಿವಿ ರಿಪೇರಿ ಮಾಡಿದವನು ನಾನು. ಆರ್ಕೇಡ್ ಮಾನಿಟರ್ ಮುಟ್ಟಿಲ್ಲ, ಆದ್ರೆ ಒಳಗಿರೋದು ಅದೇ ಪಿಕ್ಚರ್ ಟ್ಯೂಬ್ ಅಲ್ವಾ. ಸ್ಕ್ರೀನ್ ನಾಬ್ ಜಾಸ್ತಿ ಆದ್ರೆ, ಚಿತ್ರ ಬರೆಯೋ ಕಿರಣ ವಾಪಸ್ ಹೋಗುವ ದಾರಿಯೂ ಕಾಣುತ್ತೆ, ನಿಮ್ಮ ಓರೆ ಗೆರೆ ಅದೇ. ಸೆಟ್ ಇಪ್ಪತ್ತು ನಿಮಿಷ ಬಿಸಿಯಾಗಲಿ. ಕೋಣೆ ಕತ್ತಲೆ ಮಾಡಿ, ಎಲ್‌ಒಟಿ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡೋ ಟ್ರಾನ್ಸ್‌ಫಾರ್ಮರ್) ಮೇಲಿರೋ ಸ್ಕ್ರೀನ್ ನಾಬನ್ನು ಹಿನ್ನೆಲೆ ಪೂರ್ತಿ ಕಪ್ಪಾಗೋವರೆಗೆ ಇಳಿಸಿ. ಆಮೇಲೆ ಟ್ಯೂಬಿನ ಕತ್ತಿನ ಬೋರ್ಡಿನಲ್ಲಿ ಕಟಾಫ್, ಡ್ರೈವ್ ಅನ್ನೋ ನಾಬ್‌ಗಳನ್ನು ನೋಡಿಕೊಳ್ಳಿ. ಕಟಾಫ್ ಕಪ್ಪಿನ ಹತ್ತಿರದ ಬಣ್ಣಕ್ಕೆ, ಡ್ರೈವ್ ಬಿಳಿಗೆ. ಒಂದು ಸಲಕ್ಕೆ ಒಂದನ್ನೇ ತಿರುಗಿಸಿ, ಮೊದಲು ಎಲ್ಲಿತ್ತು ಅಂತ ಮಾರ್ಕರ್‌ನಿಂದ ಗುರುತು ಹಾಕಿ. ಎದುರಿಗೆ ಕನ್ನಡಿ ಇಟ್ಟುಕೊಂಡ್ರೆ ಬಗ್ಗಿ ಬಗ್ಗಿ ನೋಡೋ ಕಷ್ಟ ಇಲ್ಲ. ಕರೆಂಟ್ ಎದೆ ಮೂಲಕ ಹಾಯದ ಹಾಗೆ ಒಂದು ಕೈ ಜೇಬಿನಲ್ಲೇ ಇರಲಿ, ಉಂಗುರ ವಾಚು ತೆಗೆದಿಡಿ. ಟ್ಯೂಬಿನ ಮೇಲಿನ ಕೆಂಪು ರಬ್ಬರ್ ಟೋಪಿ ಹತ್ತಿರ ಹೋಗಬೇಡಿ, ಅಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಜಾಸ್ತಿ ಇರುತ್ತೆ.

ಪಿಕ್ಸೆಲ್_ಪುಟ್ಟ:
ಇನ್ನೊಂದು. ಜಿ07 ಅನ್ನು ಹೊರಗೆ ತೆಗೆದು ನೇರ ಗೋಡೆಯ ಪ್ಲಗ್ಗಿಗೆ ಹಾಕಬೇಡಿ ಮಾರಾಯ್ರೇ. ಅದಕ್ಕೆ ಬೇಕಾದ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ಮಾನಿಟರನ್ನು ಗೋಡೆಯ ಕರೆಂಟಿನಿಂದ ಬೇರೆಯಾಗಿಡೋದು) ಇರೋದು ಕ್ಯಾಬಿನೆಟ್‌ನಲ್ಲಿ, ಚಾಸಿಸ್‌ನಲ್ಲಲ್ಲ.

ಗ್ಯಾರೇಜ್_ಗೇಮರ್:
ಕೆಳಗೆ ಬೆರಳಗಲ ಖಾಲಿ ಇತ್ತು! ಪೊಸಿಷನ್ ತಿರುಗಿಸಿದೆ, ಸ್ಕೋರ್ ಪೂರ್ತಿ ಬಂತು, ವಿಡ್ತ್ ಕಾಯಿಲ್ ಮುಟ್ಟಲೇ ಇಲ್ಲ. ಸ್ಕ್ರೀನ್ ಇಳಿಸಿದ ಮೇಲೆ ಗೆರೆಯೂ ಹೋಯ್ತು. ಆದ್ರೆ ಮತ್ತೆ ಸ್ವಲ್ಪ ಮಂಕು, ಆನ್ ಮಾಡಿದಾಗ ಅಂಚು ಅಲೆಅಲೆಯಾಗಿರುತ್ತೆ.

ಹಳೇ_ಟಿವಿ_ಮೆಕ್ಯಾನಿಕ್:
ಬೋರ್ಡಿನ ಮೇಲೆ ವಿದ್ಯುತ್ ಹಿಡಿದಿಡೋ ಪುಟ್ಟ ಡಬ್ಬಿಗಳು, ಅಂದ್ರೆ ಕೆಪಾಸಿಟರ್, ಒಣಗಿವೆ ಅನ್ಸುತ್ತೆ, ನಲವತ್ತು ವರ್ಷ ಆಯ್ತಲ್ಲ. ನಾಬ್ ತಿರುಗಿಸಿ ಅದನ್ನು ಮುಚ್ಚೋಕೆ ಹೋಗಬೇಡಿ. ಆ ಚಾಸಿಸ್‌ಗೆ ಪೂರ್ತಿ ಕೆಪಾಸಿಟರ್ ಕಿಟ್ ತರಿಸಿ, ಬೆಸುಗೆ ಬರದಿದ್ರೆ ಬರೋರ ಕೈಲಿ ಹಾಕಿಸಿ.