ನೀಲಿ ಕನ್ನಡಕ ತರಿಸುವ ಮೊದಲು ಇದನ್ನು ಕೇಳು

ಪುಟ್ಟಿ, ನಿನ್ನ ಸಂದೇಶ ಕೇಳಿದೆ. ಸಂಜೆ ಲ್ಯಾಪ್‌ಟಾಪ್‌ನಿಂದ ತಲೆಯೆತ್ತಿದರೆ ಮುಳ್ಳಯ್ಯನಗಿರಿಯ ಸಾಲು ಮಬ್ಬಾಗಿ ಕಂಡು ಆಮೇಲೆ ತಿಳಿಯಾಗುತ್ತದೆ, ಕಣ್ಣು ಉರಿಯುತ್ತದೆ, ನೀಲಿ ಬೆಳಕು ತಡೆಯುವ ಕನ್ನಡಕ ತರಿಸಲೇ ಎಂದು ಕೇಳಿದ್ದೀಯ. ಭಾವ ಆಗಲೇ ತರಿಸು ಎಂದುಬಿಟ್ಟಿದ್ದಾರೆ. ಬೇಡಮ್ಮ, ಆ ದುಡ್ಡು ಉಳಿಸು. ಹಾಸನದಲ್ಲಿ ದಿನವೂ ಕಣ್ಣು ಪರೀಕ್ಷೆ ಮಾಡುವವಳ ಮಾತಿದು. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಇಂಥ ಕನ್ನಡಕದ ಬಗೆಗಿನ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಮಾಮೂಲಿ ಕನ್ನಡಕಕ್ಕಿಂತ ಇದರಿಂದ ಆಯಾಸ ಕಡಿಮೆಯಾಗುತ್ತದೆ ಎನ್ನಲು ಆಧಾರ ಸಿಗಲಿಲ್ಲ.

ಕಣ್ಣೊಳಗಿನ ಮಸೂರದ ಸುತ್ತ ಸಿಲಿಯರಿ ಎಂಬ ಸ್ನಾಯು ಇದೆ. ದೂರ ನೋಡುವಾಗ ಅದು ಸಡಿಲವಾಗಿರುತ್ತದೆ. ಹತ್ತಿರದ ಅಕ್ಷರ ಓದಲು ಅದು ಬಿಗಿಯಾಗಬೇಕು, ಆಗಲೇ ಮಸೂರ ಉಬ್ಬುವುದು. ಜೊತೆಗೆ ಎರಡೂ ಕಣ್ಣು ಮೂಗಿನ ಕಡೆಗೆ ತಿರುಗಿಕೊಂಡೇ ಇರಬೇಕು. ಗಂಟೆಗಟ್ಟಲೆ ಹೀಗೆ ಹಿಡಿದಿಟ್ಟ ಸ್ನಾಯು ನೀನು ತಲೆಯೆತ್ತಿದ ಕೂಡಲೇ ಬಿಡುವುದಿಲ್ಲ. ಬೆಟ್ಟ ಮಬ್ಬಾಗುವುದು ಅದಕ್ಕೇ.

ಉರಿಯ ಕಥೆ ಬೇರೆ. ನಾವು ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತೇವೆ. ಪರದೆಯ ಮುಂದೆ ಅದು ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಬಡಿದದ್ದೂ ಅರೆಬರೆ! ನೀನು ಕೆಲಸ ಮಾಡುವಾಗ ಅಕ್ಕ ನಿನ್ನ ಪಕ್ಕದಲ್ಲಿ ಕುಳಿತು ನೋಡಲಿ, ಎಷ್ಟೋ ಸಲ ಮೇಲಿನ ರೆಪ್ಪೆ ಕೆಳಗಿನದನ್ನು ಮುಟ್ಟುವುದೇ ಇಲ್ಲ. ಕಣ್ಣೀರಿನ ತೆಳು ಪದರ ಒಡೆದು ಕಣ್ಣು ಒಣಗುತ್ತದೆ. ಒಣಗಿದ ಕಣ್ಣಲ್ಲಿ ಒಮ್ಮೊಮ್ಮೆ ನೀರೂ ಸುರಿಯುತ್ತದೆ, ಅದು ಉರಿಗೆ ಬರುವ ನೀರು, ಗಾಬರಿಯಾಗಬೇಡ.

ಪರದೆಯನ್ನು ಒಂದು ತೋಳಿನಷ್ಟು ದೂರದಲ್ಲಿ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಡು. ಕೆಳಗೆ ನೋಡಿದಾಗ ರೆಪ್ಪೆ ಹೆಚ್ಚು ಮುಚ್ಚಿರುತ್ತದೆ, ಕಣ್ಣು ಅಷ್ಟು ಬೇಗ ಆರುವುದಿಲ್ಲ. ಫ್ಯಾನಿನ ಗಾಳಿ ಮುಖಕ್ಕೆ ಹೊಡೆಯದಿರಲಿ. 20 ನಿಮಿಷಕ್ಕೊಮ್ಮೆ 20 ಸೆಕೆಂಡು, 20 ಅಡಿಗಿಂತ ಆಚೆ ನೋಡು. ನಿಮ್ಮ ಅಂಗಳದಾಚೆಯ ಸಿಲ್ವರ್ ಓಕಿನ ಮೆಣಸಿನ ಬಳ್ಳಿ ಸಾಕು, ಆ ಬಿಡುವಿನಲ್ಲಿ ಮೊಬೈಲ್ ಮಾತ್ರ ಹಿಡಿಯಬೇಡ. ಭಾವ, ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ನಂಬರ್ ಇರುವ ಪ್ರೋಗ್ರೆಸಿವ್ ಕನ್ನಡಕ ಹಾಕಿ ಗದ್ದ ಎತ್ತಿ ಕಂಪ್ಯೂಟರ್ ನೋಡುತ್ತೀರಲ್ಲ, ಕುತ್ತಿಗೆ ನೋವು ಅದರಿಂದಲೂ ಇರಬಹುದು. ಕಂಪ್ಯೂಟರ್ ದೂರಕ್ಕೇ ಬೇರೆ ಕನ್ನಡಕ ಮಾಡಿಸಿಕೊಳ್ಳಿ.

ಮಬ್ಬು ತಿಳಿಯಾಗದೆ ಉಳಿದರೆ, ಒಂದೇ ಕಣ್ಣಿಗೆ ಬಂದರೆ, ಎರಡೆರಡಾಗಿ ಕಂಡರೆ ಅದೇ ದಿನ ವೈದ್ಯರಲ್ಲಿಗೆ ಹೋಗು. ಇಲ್ಲವಾದರೆ ಶನಿವಾರ ಹಾಸನಕ್ಕೆ ಬಾ. ಡಾಕ್ಟರು ಹನಿ ಹಾಕಿ ಆ ಸ್ನಾಯುವನ್ನು ಪೂರ್ತಿ ಸಡಿಲಗೊಳಿಸಿದರೆ ಅಡಗಿರುವ ಪ್ಲಸ್ ನಂಬರ್, ಎಂದರೆ ಹತ್ತಿರ ನೋಡಲು ಸ್ನಾಯು ಹೆಚ್ಚು ದುಡಿಯಬೇಕಾದ ದೋಷ, ಇದ್ದರೆ ಗೊತ್ತಾಗುತ್ತದೆ. ಹನಿ ಹಾಕಿದ ಮೇಲೆ ಹಲವು ಗಂಟೆ ಹತ್ತಿರದ ಅಕ್ಷರ ಕಾಣುವುದಿಲ್ಲ, ಬಿಸಿಲೂ ಚುಚ್ಚುತ್ತದೆ. ನೀನೇ ಸ್ಕೂಟರ್ ಓಡಿಸಿಕೊಂಡು ಬರಬೇಡ, ಭಾವನನ್ನೂ ಕರೆದುಕೊಂಡು ಬಸ್ಸಿನಲ್ಲಿ ಬಾ.